ಆಸ್ಪತ್ರೆಯ ಮೆಟ್ಟಿಲಲ್ಲಿ ಮಧ್ಯಸ್ಥನ ಹೊಣೆ

ಈಚಿನ ಒಂದು ಜುಮಾದಲ್ಲಿ ಖತೀಬರು ಸೂರಃ ಅಲ್ ಹುಜುರಾತ್‌ನ ಒಂಬತ್ತು ಮತ್ತು ಹತ್ತನೇ ವಚನಗಳನ್ನು ವಿವರಿಸಿದರು. ಸತ್ಯವಿಶ್ವಾಸಿಗಳಲ್ಲಿ ಎರಡು ಗುಂಪುಗಳು ಜಗಳಕ್ಕೆ ನಿಂತರೆ ಅವರ ನಡುವೆ ರಾಜಿ ಮಾಡಿಸಬೇಕು, ಆ ರಾಜಿ ನ್ಯಾಯದ ಮೇಲೆ ನಿಂತಿರಬೇಕು ಎಂಬುದು ಆ ವಚನಗಳ ತಿರುಳು. ನಮಾಝ್ ಮುಗಿಸಿ ಹೊರಬಂದಾಗ ಜಮಾಅತಿನ ಹಿರಿಯರೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು: "ಗಂಡ ಹೆಂಡತಿಯ ಜಗಳಕ್ಕೆ, ಜಾಗದ ತಕರಾರಿಗೆ ಈ ಮಾತು ಸರಿ. ಆದರೆ ಈಗೀಗ ನನಗೆ ಹೆಚ್ಚು ಫೋನು ಬರುವುದು ಆಸ್ಪತ್ರೆಯಿಂದ. ಅಲ್ಲಿ ನಾನು ಏನು ಮಾಡಬೇಕು?"

ಪ್ರಶ್ನೆ ಅವರೊಬ್ಬರದ್ದಲ್ಲ. ಮಂಗಳೂರು, ದೇರಳಕಟ್ಟೆಯಂತಹ ಕಡೆ ದೊಡ್ಡ ಆಸ್ಪತ್ರೆಗಳು ಒತ್ತೊತ್ತಾಗಿ ಇರುವುದರಿಂದ, ಸುತ್ತಲಿನ ಜಿಲ್ಲೆಗಳ ರೋಗಿಗಳೂ ಅಲ್ಲಿಗೇ ಬರುತ್ತಾರೆ. ರಾತ್ರಿ ಒಂದು ಗಂಟೆಗೆ ರೋಗಿ ತೀರಿಹೋಗುತ್ತಾನೆ. ಕೌಂಟರಿನಲ್ಲಿ ಬಿಲ್ಲು ಬಾಕಿ ಇದೆ ಎನ್ನುತ್ತಾರೆ. ಮೆಟ್ಟಿಲ ಮೇಲೆ ಮೂವತ್ತು ಜನ ಸೇರುತ್ತಾರೆ, ಅದರಲ್ಲಿ ಇಪ್ಪತ್ತು ಮಂದಿಗೆ ರೋಗಿಗೆ ಏನಾಗಿತ್ತೆಂಬುದೇ ಗೊತ್ತಿಲ್ಲ. ಯಾರೋ ಮೊಬೈಲಿನಲ್ಲಿ ವೀಡಿಯೋ ಮಾಡತೊಡಗುತ್ತಾರೆ, ಒಳಗೆ ಡ್ಯೂಟಿಯಲ್ಲಿದ್ದ ನರ್ಸ್ ಹೆದರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಆಗ ಒಬ್ಬರು "ಮಸೀದಿಯ ಅಧ್ಯಕ್ಷರಿಗೆ ಫೋನ್ ಮಾಡಿ" ಎನ್ನುತ್ತಾರೆ. ಅಧ್ಯಕ್ಷರು ಅಡಿಕೆ ವ್ಯಾಪಾರದವರೋ ಬಟ್ಟೆ ಅಂಗಡಿಯವರೋ ಆಗಿರುತ್ತಾರೆ. ವೈದ್ಯಕೀಯವೂ ತಿಳಿಯದು, ಕಾನೂನೂ ತಿಳಿಯದು. ಆದರೂ ಎರಡೂ ಕಡೆಯವರು ಅವರ ಮಾತು ಕೇಳುತ್ತಾರೆ. ಇದು ಸಣ್ಣ ವಿಷಯವಲ್ಲ.

ಕನ್ನಡದಲ್ಲಿ ಮಧ್ಯವರ್ತಿ, ಮಧ್ಯಸ್ಥ ಎಂಬ ಎರಡು ಮಾತುಗಳಿವೆ. ಮೊದಲನೆಯದನ್ನು ಕೇಳಿದರೆ ನಮಗೆ ಕಮಿಷನ್ ನೆನಪಾಗುತ್ತದೆ. ಎರಡನೆಯವನು ನಡುವೆ ನಿಂತವನು, ಯಾರ ಕಡೆಗೂ ವಾಲದವನು. ಆಸ್ಪತ್ರೆಗಳ ಸುತ್ತ ಮೊದಲನೆಯ ಜಾತಿಯವರೂ ಇದ್ದಾರೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಬಿಲ್ಲು ಕಡಿಮೆ ಮಾಡಿಸುತ್ತೇನೆ ಎಂದು ಬಂದು ಎರಡೂ ಕಡೆಯಿಂದ ಕಿಸೆ ತುಂಬಿಸಿಕೊಳ್ಳುವವರು ಅವರು. ನಾವು ಇಲ್ಲಿ ಮಾತಾಡುತ್ತಿರುವುದು ಎರಡನೆಯವನ ಬಗ್ಗೆ.

ಸೂರಃ ಅನ್ನಿಸಾದ 114ನೇ ವಚನದಲ್ಲಿ ಗುಟ್ಟಿನ ಮಾತುಕತೆಗಳಲ್ಲಿ ಹೆಚ್ಚಿನವು ಒಳಿತಿಲ್ಲದವು ಎಂದು ಹೇಳಿ, ದಾನ, ಸತ್ಕಾರ್ಯ ಮತ್ತು ಜನರ ನಡುವಿನ ಸಂಧಾನಕ್ಕೆ ವಿನಾಯಿತಿ ಕೊಡಲಾಗಿದೆ. ಅಲ್ಲಿ ಬಳಸಿರುವ ಪದ 'ಜನರು'. ಎದುರಿಗಿರುವ ಡಾಕ್ಟರು ಯಾವ ಧರ್ಮದವರು, ಆಸ್ಪತ್ರೆ ಯಾವ ಸಮುದಾಯದ್ದು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಒಂದು ಜನರ ಮೇಲಿನ ಹಗೆತನವು ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ಸೂರಃ ಅಲ್ ಮಾಇದಃದ ಎಂಟನೇ ವಚನದ ಎಚ್ಚರಿಕೆಯನ್ನೂ ಆ ಮೆಟ್ಟಿಲ ಮೇಲೆ ನಿಂತಾಗಲೇ ನೆನಪಿಡಬೇಕು.

ಮೊದಲು ಬಿಲ್ಲಿನ ವಿಷಯಕ್ಕೆ ಬರೋಣ, ಏಕೆಂದರೆ ನಮಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಅದರದ್ದೇ. ಇಮಾಮ್ ಬುಖಾರಿಯವರು ವರದಿ ಮಾಡಿದ ಒಂದು ಘಟನೆಯಿದೆ. ಸಹಾಬಿ ಕಅಬ್ ಬಿನ್ ಮಾಲಿಕ್(ರ)ರಿಗೆ ಇಬ್ನ್ ಅಬೀ ಹದ್ರದ್(ರ) ಎಂಬವರು ಸಾಲ ಕೊಡಬೇಕಿತ್ತು. ಮಸೀದಿಯಲ್ಲೇ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಮನೆಯೊಳಗಿದ್ದ ಪ್ರವಾದಿ(ಸ)ರಿಗೆ ಕೇಳುವಷ್ಟು ದನಿ ಏರಿತು. ಅವರು ಕೋಣೆಯ ಪರದೆ ಸರಿಸಿ ಕಅಬ್‌ರನ್ನು ಕರೆದು, ಸಾಲದಲ್ಲಿ ಅರ್ಧ ಬಿಟ್ಟುಬಿಡುವಂತೆ ಕೈಯಿಂದ ಸನ್ನೆ ಮಾಡಿದರು. ಕಅಬ್ ಒಪ್ಪಿದರು. ಕೂಡಲೇ ಪ್ರವಾದಿ(ಸ)ರು ಸಾಲಗಾರನತ್ತ ತಿರುಗಿ, ಎದ್ದು ಉಳಿದದ್ದನ್ನು ತೀರಿಸುವಂತೆ ಹೇಳಿದರು.

ಈ ಘಟನೆಯ ಮೊದಲರ್ಧವನ್ನು ನಾವು ಆಸ್ಪತ್ರೆಯವರಿಗೆ ಹೇಳುತ್ತೇವೆ, ಎರಡನೆಯ ಅರ್ಧವನ್ನು ನಮ್ಮವರಿಗೆ ಹೇಳಲು ಮರೆಯುತ್ತೇವೆ. ರಿಯಾಯಿತಿ ಸಿಕ್ಕ ಮೇಲೆ "ನಾಳೆ ಕೊಡುತ್ತೇವೆ" ಎಂದು ಹೋದ ಕುಟುಂಬ ಮತ್ತೆ ಬಾರದಿದ್ದರೆ, ಮುಂದಿನ ಬಾರಿ ಅದೇ ಜಮಾಅತಿನವರು ಬಂದು ಕೇಳಿಕೊಂಡಾಗ ಆ ಆಸ್ಪತ್ರೆಯ ಅಕೌಂಟ್ಸ್ ವಿಭಾಗದವರು ಏಕೆ ನಂಬಬೇಕು? ಮಧ್ಯಸ್ಥನ ಮಾತಿಗೆ ಬೆಲೆ ಬರುವುದು ಎರಡೂ ಕಡೆ ಅದು ನಡೆದಾಗ ಮಾತ್ರ.

ಹಾಗೆಂದು ಬಿಲ್ಲಿಗಾಗಿ ಮಯ್ಯಿತ್ತನ್ನು ತಡೆಹಿಡಿಯಲು ಯಾರಿಗೂ ಹಕ್ಕಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. 2017ರ ತಿದ್ದುಪಡಿಯಲ್ಲಿ, ಬಾಕಿ ಹಣಕ್ಕೆ ಪಟ್ಟು ಹಿಡಿಯದೆ ಮೃತದೇಹವನ್ನು ಬಿಟ್ಟುಕೊಡಬೇಕು, ಬಾಕಿಯನ್ನು ನಂತರ ವಸೂಲು ಮಾಡಿಕೊಳ್ಳಬಹುದು ಎಂದು ಸ್ಪಷ್ಟಪಡಿಸಲಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿ, ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಕಳುಹಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ಈ ಹಕ್ಕು ಇದೆ. ಇದನ್ನು ಕೂಗಿ ಹೇಳಬೇಕಾಗಿಲ್ಲ. ರಾತ್ರಿ ಪಾಳಿಯ ಕ್ಯಾಷಿಯರ್‌ಗೆ ಇದು ಗೊತ್ತಿರುವುದಿಲ್ಲ, ಗೊತ್ತಿದ್ದರೂ ನಿರ್ಧಾರ ಅವನ ಕೈಯಲ್ಲಿರುವುದಿಲ್ಲ. ಆಡಳಿತದ ಹೊಣೆ ಹೊತ್ತವರನ್ನು ಫೋನಿನಲ್ಲಿ ಹಿಡಿದು ಶಾಂತವಾಗಿ ಕಾಯ್ದೆಯ ಹೆಸರು ಹೇಳಿದರೆ ಹೆಚ್ಚಿನ ಸಲ ಕೆಲಸ ಆಗುತ್ತದೆ. ಆದರೆ ದೇಹ ಬಿಟ್ಟುಕೊಟ್ಟರೆಂದು ಸಾಲ ಮನ್ನಾ ಆಗಲಿಲ್ಲ. ವಾರಸು ಹಂಚುವ ಮೊದಲು ಮೃತನ ಸಾಲ ತೀರಬೇಕು ಎಂಬುದು ಸೂರಃ ಅನ್ನಿಸಾದಲ್ಲಿ ಮತ್ತೆ ಮತ್ತೆ ಬಂದಿರುವ ಆದೇಶ. ಆಸ್ಪತ್ರೆಯ ನ್ಯಾಯವಾದ ಬಿಲ್ಲೂ ಸಾಲವೇ.

ನ್ಯಾಯವಾದ ಬಿಲ್ಲು ಎಂದೆವು. ಅದು ನ್ಯಾಯವಾದದ್ದೇ ಎಂದು ತಿಳಿಯಲು ವಿವರವಾದ ಬಿಲ್ಲು ಕೇಳಬೇಕು. ಒಟ್ಟು ಮೊತ್ತ ಬರೆದ ಒಂದು ಹಾಳೆಯನ್ನು ಹಿಡಿದು ಚೌಕಾಸಿ ಮಾಡುವುದು ಮೀನು ಮಾರುಕಟ್ಟೆಯ ಕೆಲಸ. ಔಷಧಿ, ಕೊಠಡಿ, ಪರೀಕ್ಷೆ, ಶಸ್ತ್ರಚಿಕಿತ್ಸೆ ಒಂದೊಂದನ್ನೂ ಬೇರೆ ಬೇರೆ ನೋಡಿದಾಗ ಎರಡು ಸಲ ಸೇರಿದ್ದು, ವಾಪಸು ಕೊಟ್ಟ ಔಷಧಿಯ ಬೆಲೆ ಕಳೆಯದೆ ಉಳಿದದ್ದು ಕಣ್ಣಿಗೆ ಬೀಳುತ್ತದೆ. ರೋಗಿ ಬಿಪಿಎಲ್ ಕುಟುಂಬದವನಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಯೋಜನೆಯ ಪ್ಯಾಕೇಜಿನಲ್ಲಿ ಚಿಕಿತ್ಸೆಯಾದರೆ ಅದಕ್ಕೆ ಮೇಲಿಂದ ಹಣ ಕೇಳುವಂತಿಲ್ಲ. ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ 'ಆರೋಗ್ಯ ಮಿತ್ರ' ಎಂಬ ಸಿಬ್ಬಂದಿ ಇರುತ್ತಾರೆ, ಅವರನ್ನು ದಾಖಲಾದ ದಿನವೇ ಕಾಣಬೇಕು. ಸಾವಿನ ರಾತ್ರಿ ಕಾರ್ಡು ಹುಡುಕಿದರೆ ಏನೂ ಆಗದು. ಬಿಲ್ಲು ಪರಿಶೀಲಿಸದೆ ಝಕಾತ್ ನಿಧಿಯಿಂದ ತೆತ್ತುಬಿಡುವ ರೂಢಿ ಕೆಲವು ಕಡೆ ಇದೆ. ಸಾಲಗಾರರು ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸೇರಿದವರು, ನಿಜ. ಆದರೆ ಯಾರದೋ ಲೆಕ್ಕದ ತಪ್ಪನ್ನು ಝಕಾತ್‌ನಿಂದ ಮುಚ್ಚುವುದು ಬಡವನ ಹಕ್ಕನ್ನು ಬೇರೆಡೆ ಚೆಲ್ಲಿದಂತೆ.

ಇನ್ನೊಂದು ಬಗೆಯ ತಕರಾರು ಹಣದ್ದಲ್ಲ, ಮಾತಿನದ್ದು. ನಾವು ಕಂಡ ಜಗಳಗಳಲ್ಲಿ ಬಹುಪಾಲು "ನಮಗೆ ಯಾರೂ ಏನೂ ಹೇಳಲಿಲ್ಲ" ಎಂಬಲ್ಲಿಂದ ಶುರುವಾದವು. ಡಾಕ್ಟರು ಹೇಳಿರುತ್ತಾರೆ, ಆದರೆ ಒಬ್ಬ ಮಗನಿಗೆ ಹೇಳಿರುತ್ತಾರೆ. ಅವನು ತಾಯಿಗೆ ಹೆದರಿ ಅರ್ಧ ಹೇಳಿರುತ್ತಾನೆ. ದುಬೈಯಿಂದ ಬಂದಿಳಿದ ಇನ್ನೊಬ್ಬ ಮಗನಿಗೆ ಅದೂ ತಲುಪಿರುವುದಿಲ್ಲ. ಇಂಥಲ್ಲಿ ಮಧ್ಯಸ್ಥನು ಮಾಡಬೇಕಾದದ್ದು ಬಹಳ ಸರಳ. ಜನರನ್ನು ಕೆಳಗೆ ಕಳುಹಿಸಿ, ಕುಟುಂಬದ ಇಬ್ಬರನ್ನು ಮಾತ್ರ ಉಳಿಸಿ, ಚಿಕಿತ್ಸೆ ಮಾಡಿದ ಡಾಕ್ಟರೊಂದಿಗೆ ಒಂದು ಕೋಣೆಯಲ್ಲಿ ಕೂರಿಸುವುದು. ಮೊದಲ ಹತ್ತು ನಿಮಿಷ ಕುಟುಂಬದವರೇ ಮಾತಾಡಲಿ. ಡಾಕ್ಟರು ನಡುವೆ ಬಾಯಿ ಹಾಕದಂತೆ ಮೊದಲೇ ವಿನಂತಿಸಿರಬೇಕು. ಬಳಿಕ ಅವರು ಇಂಗ್ಲಿಷ್ ಬಿಟ್ಟು ಕನ್ನಡದಲ್ಲೋ ಬ್ಯಾರಿಯಲ್ಲೋ ಉರ್ದುವಿನಲ್ಲೋ ತಿಳಿಯುವಂತೆ ಹೇಳಲಿ, ಆಗದಿದ್ದರೆ ಹೇಳಿಸುವ ಒಬ್ಬರನ್ನು ಜೊತೆಗಿಟ್ಟುಕೊಳ್ಳಲಿ.

ಗಂಡ ಹೆಂಡಿರ ಬಿಕ್ಕಟ್ಟಿಗೆ ಅವನ ಕಡೆಯಿಂದ ಒಬ್ಬ, ಅವಳ ಕಡೆಯಿಂದ ಒಬ್ಬ ತೀರ್ಪುಗಾರನನ್ನು ನೇಮಿಸಲು ಸೂರಃ ಅನ್ನಿಸಾದ 35ನೇ ವಚನ ಹೇಳುತ್ತದೆ. ಆ ಕ್ರಮದಲ್ಲಿ ಆಸ್ಪತ್ರೆಯ ವಿವಾದಕ್ಕೂ ಒಂದು ಪಾಠವಿದೆ ಎಂಬುದು ನಮ್ಮ ಅಭಿಪ್ರಾಯ. ಒಂದು ಕಡೆಯ ಒಳಗು ಬಲ್ಲವನೇ ಆ ಕಡೆಯವರಿಗೆ ಸತ್ಯ ಹೇಳಬಲ್ಲ. ಆದ್ದರಿಂದ ಜಮಾಅತಿನವರು ಹೋಗುವಾಗ ಆ ಆಸ್ಪತ್ರೆಗೆ ಸಂಬಂಧವಿಲ್ಲದ, ಆ ರೋಗದ ವಿಷಯ ಬಲ್ಲ ಒಬ್ಬ ಡಾಕ್ಟರನ್ನು ಕೇಳಿಕೊಂಡು ಹೋಗಬೇಕು. ಚಿಕಿತ್ಸೆಯ ದಾಖಲೆಗಳನ್ನು ಅವರು ಓದಲಿ. ರೋಗಿಯ ಕಡೆಯವರು ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳಲ್ಲಿದೆ. ಬಾಯಿಮಾತಿನಲ್ಲಿ ಕೇಳದೆ ಬರೆದು ಕೊಟ್ಟು, ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಬೇಕು.

ಕುಟುಂಬದವರಿಗೂ ಕಹಿಯಾದ ಒಂದು ಮಾತು ಹೇಳಬೇಕಾಗುತ್ತದೆ. ರೋಗಿ ತೀರಿಕೊಂಡ ಮಾತ್ರಕ್ಕೆ ಡಾಕ್ಟರು ತಪ್ಪಿತಸ್ಥನಲ್ಲ. ವೈದ್ಯ ವಿದ್ಯೆ ತಿಳಿಯದೆ ಚಿಕಿತ್ಸೆಗಿಳಿದವನು ಹಾನಿಗೆ ಹೊಣೆಗಾರ ಎಂಬ ಹದೀಸನ್ನು ಅಬೂದಾವೂದ್ ಮುಂತಾದವರು ವರದಿ ಮಾಡಿದ್ದಾರೆ. ಅದನ್ನು ವಿವರಿಸಿದ ವಿದ್ವಾಂಸರು, ವಿದ್ಯೆ ಬಲ್ಲವನು ಅನುಮತಿ ಪಡೆದು ಕ್ರಮ ತಪ್ಪದೆ ಚಿಕಿತ್ಸೆ ಮಾಡಿದಾಗ ಆಗುವ ಹಾನಿಗೆ ಅವನನ್ನು ಹೊಣೆ ಮಾಡಿಲ್ಲ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚು ಕಡಿಮೆ ಇದೇ ದಾರಿಯಲ್ಲಿದೆ. ನಿರ್ಧಾರದಲ್ಲಿ ಆದ ತಪ್ಪೆಲ್ಲ ನಿರ್ಲಕ್ಷ್ಯವಲ್ಲ, ಕ್ರಿಮಿನಲ್ ಹೊಣೆ ಹೊರಿಸಲು ನಿರ್ಲಕ್ಷ್ಯ ಘೋರವಾಗಿರಬೇಕು. ಇನ್ನು ಗಾಜು ಒಡೆಯುವ, ಕೈ ಎತ್ತುವ ಹುಡುಗರಿಗೆ ಒಂದು ವಿಷಯ ತಿಳಿದಿರಲಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯ ವಿರುದ್ಧ ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ, ಅಪರಾಧ ಜಾಮೀನುರಹಿತ. ಒಡೆದ ಗಾಜಿನೊಂದಿಗೆ ಕುಟುಂಬದ ನ್ಯಾಯವಾದ ದೂರೂ ಒಡೆದುಹೋಗುತ್ತದೆ.

ಮಧ್ಯಸ್ಥನು ಕೈ ಹಾಕಬಾರದ ಜಾಗವೂ ಇದೆ. ಗ್ರಾಹಕ ರಕ್ಷಣಾ ಕಾಯ್ದೆ 2019ರಲ್ಲಿ ಮಧ್ಯಸ್ಥಿಕೆಗೆಂದೇ ಒಂದು ಅಧ್ಯಾಯ ಸೇರಿತು. ಗ್ರಾಹಕ ಆಯೋಗವು ವಿವಾದವನ್ನು ಎರಡೂ ಕಡೆಯವರ ಒಪ್ಪಿಗೆಯಿಂದ ಮಧ್ಯಸ್ಥರ ಬಳಿಗೆ ಕಳುಹಿಸಬಹುದು. ಆದರೆ 2020ರ ನಿಯಮಗಳಲ್ಲಿ, ವೈದ್ಯಕೀಯ ನಿರ್ಲಕ್ಷ್ಯದಿಂದ ಸಾವು ಅಥವಾ ಗಂಭೀರ ಗಾಯವಾದ ಪ್ರಕರಣಗಳನ್ನು ಹಾಗೆ ಕಳುಹಿಸುವಂತಿಲ್ಲ ಎಂದಿದೆ. ಬಿಲ್ಲು, ಸೇವೆಯ ಕೊರತೆಯಂತಹ ವಿಷಯಗಳನ್ನು ಮಾತಿನಲ್ಲಿ ಮುಗಿಸಬಹುದು, ಪ್ರಾಣ ಹೋದ ವಿಷಯವನ್ನು ವಿಚಾರಣೆ ಮಾಡಬೇಕು ಎಂಬ ನಿಲುವು ಅದು. ನಮಗೆ ಈ ಗೆರೆ ಸರಿಯೆನಿಸುತ್ತದೆ. ಒಬ್ಬರ ತಪ್ಪನ್ನು ಕೋಣೆಯೊಳಗೆ ಮುಗಿಸಿದರೆ, ಅದೇ ತಪ್ಪು ಮುಂದಿನ ವಾರ ಇನ್ನೊಂದು ಹಾಸಿಗೆಯಲ್ಲಿ ಮಲಗಿದವನ ಮೇಲೆ ನಡೆಯುವುದನ್ನು ಯಾರು ತಡೆಯುತ್ತಾರೆ? ಹಲಾಲನ್ನು ಹರಾಮಾಗಿಸುವ ಅಥವಾ ಹರಾಮನ್ನು ಹಲಾಲಾಗಿಸುವ ರಾಜಿಯನ್ನು ಪ್ರವಾದಿ(ಸ)ರು ರಾಜಿಗಳ ಸಾಲಿನಿಂದಲೇ ಹೊರಗಿಟ್ಟಿದ್ದಾರೆ.

ಇದರರ್ಥ ಅಂಥ ಕುಟುಂಬ ಪರಿಹಾರ ಪಡೆಯಬಾರದೆಂದಲ್ಲ. "ಸತ್ತವರ ಮೇಲೆ ದುಡ್ಡು ತೆಗೆದುಕೊಳ್ಳುವುದೇ?" ಎಂಬ ಮಾತು ನಮ್ಮಲ್ಲಿ ಬಹಳ ಕೇಳಿಸುತ್ತದೆ. ಅಚಾತುರ್ಯದಿಂದ ಪ್ರಾಣ ಹೋದರೆ ಕುಟುಂಬಕ್ಕೆ ದಿಯತ್ ಸಲ್ಲಬೇಕೆಂದು ಸೂರಃ ಅನ್ನಿಸಾದ 92ನೇ ವಚನದಲ್ಲಿದೆ, ಕುಟುಂಬವೇ ದಾನವಾಗಿ ಬಿಟ್ಟುಕೊಟ್ಟರೆ ಬೇರೆ ಮಾತು. ಪಡೆಯುವುದು ಅವಮಾನವಲ್ಲ, ಬಿಡುವುದೂ ಕಡ್ಡಾಯವಲ್ಲ. ಬಿಡುವ ಅಧಿಕಾರ ಮಾತ್ರ ವಾರಸುದಾರರದ್ದು, ಜಮಾಅತಿನದ್ದಲ್ಲ.

ಇದನ್ನು ನಾವು ಒಂದು ತಪ್ಪು ಮಾಡಿ ಕಲಿತೆವು. ಕೆಲವು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಯ ನಂತರ ಒಬ್ಬ ಯುವಕ ತೀರಿಕೊಂಡ. ಮನೆಯಲ್ಲಿ ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಆಸ್ಪತ್ರೆಯವರು ತಪ್ಪು ಒಪ್ಪಿಕೊಳ್ಳದೆ, ಆದರೂ ಒಂದು ಮೊತ್ತ ಕೊಡಲು ಮುಂದೆ ಬಂದರು. ನಾವು ನಾಲ್ಕು ಜನ ಹೋಗಿ ಕೂತೆವು. ಮೃತನ ಅಣ್ಣ ಇದ್ದ, ಮಾವ ಇದ್ದರು. ಮೊತ್ತ ಸ್ವಲ್ಪ ಏರಿಸಿದೆವು, ಮುಂದೆ ಯಾವ ದೂರೂ ಕೊಡುವುದಿಲ್ಲ ಎಂಬ ಹಾಳೆಗೆ ಸಾಕ್ಷಿಗಳಾಗಿ ಸಹಿ ಹಾಕಿದೆವು, ಹಣ ಅಣ್ಣನ ಕೈಗೆ ಹೋಯಿತು. ಮನೆಗೆ ಬಂದು ಒಳ್ಳೆಯ ಕೆಲಸವಾಯಿತೆಂದುಕೊಂಡೆವು. ಇದ್ದತ್ ಮುಗಿದ ಮೇಲೆ ಆ ಹೆಣ್ಣುಮಗಳು ತನ್ನ ತಾಯಿಯೊಂದಿಗೆ ಜಮಾಅತಿನ ಕಚೇರಿಗೆ ಬಂದಳು. "ನನ್ನನ್ನು ಯಾಕೆ ಕೇಳಲಿಲ್ಲ?" ಎಂದಷ್ಟೇ ಕೇಳಿದಳು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಹಣದ ಹೆಚ್ಚಿನ ಭಾಗ ಅಣ್ಣನ ಅಂಗಡಿಯ ಸಾಲಕ್ಕೆ ಹೋಗಿತ್ತು. ಅವನು ಕೆಟ್ಟವನಲ್ಲ, ಮಕ್ಕಳನ್ನು ನಾನೇ ನೋಡಿಕೊಳ್ಳುತ್ತೇನಲ್ಲ ಎಂದುಕೊಂಡಿದ್ದ. ಆ ಹಣ ಪೂರ್ತಿ ಮಕ್ಕಳ ಹೆಸರಿಗೆ ಮರಳಲು ಎರಡು ವರ್ಷ ಹಿಡಿಯಿತು.

ಆಮೇಲೆ ಖತೀಬರನ್ನು ಕಂಡು ವಿಷಯ ಹೇಳಿದಾಗ ಅವರು ಉಮರ್(ರ)ರ ಕಾಲದ ಒಂದು ಪ್ರಸಂಗ ತಿಳಿಸಿದರು. ದಿಯತ್ ಗಂಡನ ಕಡೆಯ ಬಂಧುಗಳಿಗೆ ಸೇರಿದ್ದು, ಹೆಂಡತಿಗೆ ಅದರಲ್ಲಿ ವಾರಸು ಇಲ್ಲ ಎಂದು ಉಮರ್(ರ) ಭಾವಿಸಿದ್ದರು. ಅಶ್ಯಮ್ ಎಂಬವರು ಕೊಲ್ಲಲ್ಪಟ್ಟಾಗ ಅವರ ದಿಯತ್‌ನಲ್ಲಿ ಪತ್ನಿಗೆ ಪಾಲು ಕೊಡುವಂತೆ ಪ್ರವಾದಿ(ಸ)ರು ತನಗೆ ಬರೆದು ಕಳುಹಿಸಿದ್ದರೆಂದು ದಹ್ಹಾಕ್ ಬಿನ್ ಸುಫ್ಯಾನ್(ರ) ತಿಳಿಸಿದರು. ಉಮರ್(ರ) ತಮ್ಮ ಅಭಿಪ್ರಾಯವನ್ನು ಹಿಂದಕ್ಕೆ ಪಡೆದರು. ಅಬೂದಾವೂದ್, ತಿರ್ಮಿದಿಗಳಲ್ಲಿ ಇದು ವರದಿಯಾಗಿದೆ. ಅನಾಥರ ಪಾಲನ್ನು ಬಿಟ್ಟುಕೊಡಲು ಪೋಷಕನಿಗೂ ಅಧಿಕಾರವಿಲ್ಲದಿರುವಾಗ ಕೋಣೆಯಲ್ಲಿ ಕೂತ ನಾಲ್ಕು ಜನ ಹಿರಿಯರಿಗೆ ಎಲ್ಲಿಂದ ಬಂತು?

ಆ ಹಾಳೆಯಲ್ಲಿ ನಾವು ಸಾಕ್ಷಿ ಹಾಕಿದ ಷರತ್ತೂ ತಪ್ಪೇ. ನಿರ್ಲಕ್ಷ್ಯದಿಂದ ಸಾವು ತರುವುದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅಪರಾಧ, ಅದನ್ನು ಪಕ್ಷಗಾರರು ತಾವೇ ರಾಜಿ ಮಾಡಿಕೊಂಡು ಮುಗಿಸುವಂತಿಲ್ಲ. ಪೊಲೀಸರಿಗೆ ದೂರು ಕೊಡುವುದಿಲ್ಲ ಎಂಬ ಕರಾರಿಗೆ ಕಾನೂನಿನಲ್ಲಿ ಬಲವಿಲ್ಲ. ಅದರ ಬಲವೆಲ್ಲ ಬಡವನನ್ನು ಹೆದರಿಸುವುದಕ್ಕೆ ಮಾತ್ರ.

ಮರಣೋತ್ತರ ಪರೀಕ್ಷೆಯ ವಿಷಯದಲ್ಲೂ ಹಿರಿಯರು ಅವಸರ ಮಾಡುತ್ತಾರೆ. "ಮಯ್ಯಿತ್ತನ್ನು ಕುಯ್ಯುವುದು ಬೇಡ, ಬೇಗ ದಫನ ಮಾಡೋಣ" ಎನ್ನುವುದು ಗೌರವದಿಂದಲೇ ಬಂದ ಮಾತು. ಮೃತದೇಹಕ್ಕೆ ನೋವು ಮಾಡಬಾರದೆಂಬುದು ನಮ್ಮ ಧರ್ಮದ ಆದೇಶ ಕೂಡ. ಆದರೆ ಸಾವಿನ ಬಗ್ಗೆ ನಿಜವಾದ ಸಂಶಯವಿರುವಲ್ಲಿ ನ್ಯಾಯದ ಅಗತ್ಯಕ್ಕಾಗಿ ಅದಕ್ಕೆ ಅನುಮತಿಯಿದೆ ಎಂದು ಮಕ್ಕಾದ ಫಿಕ್ಹ್ ಅಕಾಡೆಮಿ 1987ರಲ್ಲೇ ತೀರ್ಮಾನಿಸಿದೆ. ಪರೀಕ್ಷೆ ಬೇಡವೆಂದು ಬರೆದುಕೊಟ್ಟ ಮೇಲೆ ಸಾವಿನ ಕಾರಣ ಸಾಬೀತುಪಡಿಸುವುದು ಬಹಳ ಕಷ್ಟ. ಆ ತೀರ್ಮಾನವನ್ನು ಹತ್ತಿರದ ವಾರಸುದಾರರು ಪರಿಣಾಮ ತಿಳಿದು ಮಾಡಲಿ, ಮಧ್ಯಸ್ಥನು ಒತ್ತಾಯಿಸದಿರಲಿ.

ದಿನಗಳ ಲೆಕ್ಕವನ್ನೂ ಇಡಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾರಣ ಹುಟ್ಟಿದಂದಿನಿಂದ ಎರಡು ವರ್ಷ ಅವಕಾಶ. ನಾವು ನಾಳೆ ಮಾತಾಡೋಣ, ರಮಝಾನ್ ಕಳೆಯಲಿ, ಮಳೆ ನಿಲ್ಲಲಿ ಎಂದು ದೂಡುತ್ತಿದ್ದರೆ ಆ ಗಡಿಯಾರ ನಿಲ್ಲುವುದಿಲ್ಲ. ಉಚಿತ ಚಿಕಿತ್ಸೆ ಮಾತ್ರ ಕೊಡುವ ಕಡೆ ಈ ಕಾಯ್ದೆ ಅನ್ವಯಿಸದು. ಹಣ ಪಡೆಯುವ ಆಸ್ಪತ್ರೆಗಳು ಇದರ ವ್ಯಾಪ್ತಿಗೆ ಬರುತ್ತವೆಂದು 1995ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ನಮ್ಮಿಂದಾಗದ್ದಕ್ಕೆ ಬೇರೆ ಬಾಗಿಲುಗಳಿವೆ. ಹೆಚ್ಚು ಜನರಿಗೆ ತಿಳಿಯದ್ದು ಖಾಯಂ ಜನತಾ ನ್ಯಾಯಾಲಯ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಗೆ 2002ರಲ್ಲಿ ಸೇರಿಸಿದ ಅಧ್ಯಾಯದಂತೆ ಇದು ನಡೆಯುತ್ತದೆ, ಆಸ್ಪತ್ರೆ ಮತ್ತು ದವಾಖಾನೆಯ ಸೇವೆಯನ್ನು ಅಲ್ಲಿ ಸಾರ್ವಜನಿಕ ಉಪಯುಕ್ತ ಸೇವೆಯೆಂದು ಹೆಸರಿಸಲಾಗಿದೆ. ಬೆಂಗಳೂರು, ಮಂಗಳೂರು, ಮೈಸೂರು ಮುಂತಾದ ಕಡೆ ಇದೆ. ಕೋರ್ಟಿಗೆ ಹೋಗುವ ಮುನ್ನವೇ ಇಲ್ಲಿಗೆ ಅರ್ಜಿ ಹಾಕಬೇಕು, ಕೋರ್ಟು ಶುಲ್ಕವಿಲ್ಲ, 1 ಕೋಟಿ ರೂಪಾಯಿವರೆಗಿನ ವಿವಾದ ತೆಗೆದುಕೊಳ್ಳುತ್ತದೆ. ಮೊದಲು ರಾಜಿಗೆ ಯತ್ನ, ಆಗದಿದ್ದರೆ ತಾನೇ ತೀರ್ಪು. ಆ ತೀರ್ಪು ಅಂತಿಮ ಎಂಬುದನ್ನು ಅರ್ಜಿ ಹಾಕುವ ಮೊದಲೇ ವಕೀಲರಲ್ಲಿ ಕೇಳಿ ತಿಳಿಯಬೇಕು. ಖಾಸಗಿ ಆಸ್ಪತ್ರೆಯ ದರ, ಸನ್ನದು ಉಲ್ಲಂಘನೆಯ ದೂರು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ. ವಿಮಾ ಕಂಪನಿ ಹಣ ನಿರಾಕರಿಸಿದರೆ ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾದು, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ. ಅಲ್ಲಿ ಶುಲ್ಕವಿಲ್ಲ.

ನಮ್ಮ ಜಮಾಅತಿನ ಕಚೇರಿಯಲ್ಲಿ ಈಗ ಇದಕ್ಕೆಂದೇ ಒಂದು ಹಾಳೆ ಮಾಡಿಸಿದ್ದೇವೆ. ಆಸ್ಪತ್ರೆಯ ಯಾವ ರಾಜಿಗೂ ಅದು ತುಂಬದೆ ನಾವು ಸಾಕ್ಷಿ ಹಾಕುವುದಿಲ್ಲ. ಪತ್ನಿ, ತಂದೆ ತಾಯಿ, ಮಕ್ಕಳು ಎಲ್ಲ ವಾರಸುದಾರರ ಹೆಸರು ಅದರಲ್ಲಿರಬೇಕು, ಪ್ರಾಯಕ್ಕೆ ಬಂದವರು ತಾವೇ ಓದಿ ಅಥವಾ ಓದಿಸಿಕೊಂಡು ಸಹಿ ಹಾಕಬೇಕು. ಹೆಂಡತಿ ಇದ್ದತ್‌ನಲ್ಲಿದ್ದರೆ ನಮ್ಮ ಮನೆಯ ಹೆಂಗಸರಲ್ಲಿ ಇಬ್ಬರು ಅವಳ ಮನೆಗೇ ಹೋಗಿ ಕೇಳಿಕೊಂಡು ಬರುತ್ತಾರೆ. ಹಣ ನಗದಾಗಿ ಯಾರ ಕೈಗೂ ಹೋಗದೆ ಬ್ಯಾಂಕಿನ ಮೂಲಕವೇ ಸಲ್ಲಬೇಕು, ಸಣ್ಣ ಮಕ್ಕಳ ಪಾಲು ಅವರ ಹೆಸರಿನಲ್ಲೇ ಠೇವಣಿಯಾಗಬೇಕು. ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇವೆ, ಮಧ್ಯಸ್ಥರಿಗೆ ಆ ಆಸ್ಪತ್ರೆಯೊಂದಿಗೆ ವ್ಯಾಪಾರದ ಅಥವಾ ನೆಂಟಸ್ತಿಕೆಯ ಸಂಬಂಧ ಏನಾದರೂ ಇದ್ದರೆ ಬರೆಯಲು. ಆ ಸಾಲು ತುಂಬಬೇಕಾಗಿ ಬಂದ ಇಬ್ಬರು ಇದುವರೆಗೆ ತಾವಾಗಿಯೇ ಎದ್ದು ಹೋಗಿದ್ದಾರೆ. ಅವರ ಬಗ್ಗೆ ನಮ್ಮ ಗೌರವ ಕಡಿಮೆಯಾಗಿಲ್ಲ. ಹಾಳೆಯ ಪ್ರತಿ ಬೇಕಾದ ಜಮಾಅತಿನವರು ಅಸರ್ ನಮಾಝ್‌ನ ನಂತರ ಕಚೇರಿಯಲ್ಲಿ ಕೇಳಿ ಪಡೆಯಬಹುದು.